ಭಾರ ಇಳಿಯುವ ಜಾಗ

ಬಸ್ಸಿನಲ್ಲಿ ಹಿಂದಿನ ಸೀಟಿನವರು ಜೊತೆಯವರಿಗೆ ಹೇಳುತ್ತಿದ್ದರು: "ಮೆದುಳಿಗೆ ತಂತಿ ಹಾಕಿ ಕರೆಂಟ್ ಕೊಟ್ರೆ ಖಿನ್ನತೆ ಹೋಗುತ್ತಂತೆ ಕಣ್ರೀ, ಸ್ವಿಚ್ ಹಾಕಿದ ಹಾಗೆ." ಆ ‘ಸ್ವಿಚ್’ ವಾರವಿಡೀ ನನ್ನನ್ನು ಬಿಡಲಿಲ್ಲ. ಪತ್ರಿಕೆಗಳ ತಲೆಬರಹಗಳಲ್ಲೂ ಅದೇ ಪದ. ಕಂಡಾಗಲೆಲ್ಲ ಸಿಟ್ಟು ಬರುತ್ತದೆ.

ನರವೈದ್ಯೆ ಹೆಲೆನ್ ಮೇಬರ್ಗ್ ವರ್ಷಗಟ್ಟಲೆ ಪೆಟ್ ಸ್ಕ್ಯಾನ್‌ಗಳನ್ನು ನೋಡಿ ಖಿನ್ನತೆಗೆ ಸಂಬಂಧಿಸಿದ್ದೆಂದು ಹಿಡಿದ ಜಾಗ ಮೆದುಳಿನ ಬ್ರಾಡ್‌ಮನ್ ನಕ್ಷೆಯ 25ನೇ ಪ್ರದೇಶ. ದುಃಖದಲ್ಲಿ ಅಲ್ಲಿ ಚಟುವಟಿಕೆ ಏರುತ್ತದೆ, ಖಿನ್ನತೆ ಗುಣವಾದಂತೆ ಇಳಿಯುತ್ತದೆ. ಟೊರಾಂಟೊದಲ್ಲಿ ಶಸ್ತ್ರವೈದ್ಯ ಆಂದ್ರೆಸ್ ಲೊಝಾನೊ ಜೊತೆಗೂಡಿ, ಯಾವ ಚಿಕಿತ್ಸೆಗೂ ಬಗ್ಗದ ಆರು ಮಂದಿಗೆ ಅಲ್ಲಿ ವಿದ್ಯುದ್ವಾರ ಇರಿಸಿದರು. ಆರು ತಿಂಗಳಾಗುವಾಗ ನಾಲ್ವರಲ್ಲಿ ಸ್ಪಷ್ಟ ಸುಧಾರಣೆ. ಇದು 2005ರ ವರದಿ.

ಆ ವರದಿಯ ಒಂದು ಭಾಗವನ್ನು ಮತ್ತೆ ಮತ್ತೆ ಓದಿದ್ದೇನೆ. ಶಸ್ತ್ರಚಿಕಿತ್ಸೆಯ ವೇಳೆ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕರೆಂಟ್ ಯಾವಾಗ ಹರಿಯಿತೆಂದು ಅವರಿಗೆ ತಿಳಿಸಿರುವುದಿಲ್ಲ. ತಟ್ಟನೆ ಒಳಗೆ ಶಾಂತ, ಹಗುರ. ಇದ್ದ ಶೂನ್ಯ ಕರಗಿದಂತೆ. ಕೋಣೆ ಬೆಳಗುತ್ತದೆ, ಬಣ್ಣಗಳು ಗಾಢವಾಗುತ್ತವೆ.

ಹಗುರ! ಕನ್ನಡದಲ್ಲಿ ‘ನನಗೆ’ ದುಃಖವಾಗುತ್ತದೆ. ದುಃಖ ನನ್ನ ಗುಣವಲ್ಲ, ನನ್ನ ಮೇಲೆ ಬಂದು ಕೂರುವ ಏನೋ ಒಂದು. ಎದೆ ಭಾರವಾಗುತ್ತದೆ, ಅತ್ತರೆ ಮನಸ್ಸು ಹಗುರವಾಗುತ್ತದೆ, ಹೇಳಿಕೊಂಡರೆ ಭಾರ ಇಳಿಯುತ್ತದೆ. ನಾವು ಸಂಸ್ಕೃತದಿಂದ ತಂದ ‘ಖಿನ್ನತೆ’ಯಲ್ಲಿ ಈ ತೂಕವೇ ಇಲ್ಲ. ಆಡುಮಾತಿಗೆ ಗೊತ್ತಿದ್ದದ್ದನ್ನು ಪಾರಿಭಾಷಿಕ ಪದ ಕಳೆದುಕೊಂಡಿತು. ಮೇಬರ್ಗ್ ಹೇಳುವುದೂ ಇದನ್ನೇ: ಕರೆಂಟ್ ಸಂತೋಷವನ್ನು ತಂದುಕೊಡುವುದಿಲ್ಲ, ಅಡ್ಡಬಿದ್ದಿದ್ದ ನೋವನ್ನು ಸರಿಸುತ್ತದೆ.

ಇಷ್ಟು ಬರೆದ ಮೇಲೆ, ದುಃಖ ಎಲ್ಲಿ ಕೂತಿರುತ್ತದೆ ಎಂದು ಹುಡುಕುತ್ತಿದ್ದ ನನಗೆ ಪ್ರಶ್ನೆ ಬೇರೆಯೇ ಎನಿಸಿತು: ಇಳಿದ ಭಾರ ಇಳಿದೇ ಇರುತ್ತದೆಯೇ? ಮುಂದೆ ಇದೇ ಚಿಕಿತ್ಸೆಯನ್ನು ಪರೀಕ್ಷಿಸಿದ ತೊಂಬತ್ತು ಮಂದಿಯ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳಿಗೆ ಕರೆಂಟ್ ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಪ್ರಯೋಗ ನಿಂತಿತು. ಆದರೆ ಎಲ್ಲರಿಗೂ ಕರೆಂಟ್ ಕೊಟ್ಟು ಎರಡು ವರ್ಷ ಕಾದಾಗ ಸುಮಾರು ಅರ್ಧದಷ್ಟು ಮಂದಿ ಸುಧಾರಿಸಿದ್ದರು. ಸ್ವಿಚ್ಚು ಹೀಗೆ ಕೆಲಸ ಮಾಡುವುದಿಲ್ಲ. ಗಾಯ ಮಾಯುವುದು ಹೀಗೆ.

ಅಟ್ಲಾಂಟಾದ ಎಮೊರಿಯ ಇನ್ನೊಂದು ಅಧ್ಯಯನದಲ್ಲಿ, ಚೇತರಿಸಿಕೊಂಡವರಿಗೆ ತಿಳಿಯದಂತೆ ಕರೆಂಟ್ ನಿಲ್ಲಿಸಿ ನೋಡುವ ಒಂದು ಹಂತವಿತ್ತು. ಮೊದಲ ಮೂವರಲ್ಲಿ ಕಾಯಿಲೆ ಮರಳಿ ಬಂತು. ಉಳಿದವರಿಗೆ ಹಾಗೆ ಮಾಡುವುದು ಸರಿಯಲ್ಲವೆಂದು ವೈದ್ಯರು ಆ ಹಂತವನ್ನೇ ಕೈಬಿಟ್ಟರು.