ಮಗಳ ತವರೂರನ್ನು ನೋಡಿ ಬಂದವರು

ನಮ್ಮ ಮನೆತನಗಳಲ್ಲಿ ದತ್ತಕವೆಂದರೆ ಬಹುಕಾಲದಿಂದಲೂ ಹತ್ತಿರದ ಮಾತು. ಅಣ್ಣನಿಗೆ ಮಕ್ಕಳಾಗದಿದ್ದರೆ ತಮ್ಮನ ಎರಡನೆಯ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಲಮನೆಗೆ ಇವನೇ ವಾರಸುದಾರನೆಂದು ದೈವದವರ ಮುಂದೆ ಹೇಳಿ, ಜಂಗಮರಿಗೆ ಪ್ರಸಾದ ಮಾಡಿಸಿದರೆ ಮುಗಿಯಿತು. ಹೀಗೆ ಬಂದ ಹುಡುಗನಿಗೆ ಹೆತ್ತವಳ ಮನೆ ಎರಡು ಓಣಿಗಳಾಚೆ; ಹೆಚ್ಚೆಂದರೆ ಒಂದು ಹಗಲಿನ ಬಂಡಿಯ ದಾರಿ. ತಾನು ಎಲ್ಲಿಂದ ಬಂದೆನೆಂದು ಅವನಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಜಾತ್ರೆಗೆ ಹೋದಾಗಲೆಲ್ಲ ಹಡೆದವ್ವನನ್ನು ಕಂಡು ಬರುತ್ತಾನೆ. ಈ ತಿಂಗಳು ನಾವು ಬರೆಯಹೊರಟಿರುವುದು ಇದಕ್ಕೆ ತೀರ ದೂರದ ಇನ್ನೊಂದು ಬಗೆಯ ದತ್ತಕವನ್ನು ಕುರಿತು. ಸಮುದ್ರ ದಾಟಿ ಹೋಗಿ, ನೆಂಟತನವಿಲ್ಲದ, ನುಡಿಯೂ ಬೇರೆಯಾದ ಹೆಣ್ಣುಕೂಸನ್ನು ಮಗಳೆಂದು ಕರೆತಂದವರ ಪ್ರಯಾಣವದು.

ಚೀನಾ ದೇಶವು 1992ರಲ್ಲಿ ತನ್ನ ದತ್ತಕ ಕಾಯಿದೆಯನ್ನು ಜಾರಿಗೊಳಿಸಿ ವಿದೇಶೀಯರಿಗೂ ಅವಕಾಶವಿತ್ತಿತು. ಮುಂದಿನ ಮೂರು ದಶಕಗಳಲ್ಲಿ 1,50,000ಕ್ಕೂ ಮಿಕ್ಕಿ ಮಕ್ಕಳು ಪರದೇಶಗಳನ್ನು ಸೇರಿದರು. ಅವರಲ್ಲಿ 80,000ಕ್ಕೂ ಹೆಚ್ಚು ಮಕ್ಕಳು ಹೋದುದು ಅಮೆರಿಕಕ್ಕೆ. 2005ನೆಯ ಸಾಲೊಂದರಲ್ಲಿಯೇ ಸುಮಾರು 7,900. ಮೊದಲಿನ ವರ್ಷಗಳಲ್ಲಿ ಹೋದವರು ಬಹುಪಾಲು ಹೆಣ್ಣುಮಕ್ಕಳು. ಒಂದೇ ಮಗುವೆಂಬ ಸರಕಾರದ ಕಟ್ಟಳೆ ಒಂದು ಕಡೆ, ವಂಶಕ್ಕೆ ಗಂಡೇ ಬೇಕೆಂಬ ಹಟ ಇನ್ನೊಂದು ಕಡೆ. ಇವೆರಡರ ನಡುವೆ ಹೆಣ್ಣುಕೂಸು ಸಂತೆಯ ಬಾಗಿಲಿಗೆ ಬಂದಿತು. ಈ ಹಟವನ್ನು ಕಂಡು ನಾವು ಮೂಗು ಮುರಿಯುವ ಹಾಗಿಲ್ಲ. ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆ ಹಚ್ಚುವುದನ್ನು ತಡೆಯಲು 1994ರಲ್ಲಿ ನಮ್ಮ ದೇಶವೂ ಕಾಯಿದೆ ಮಾಡಬೇಕಾಯಿತಷ್ಟೆ.

ಪ್ರಯಾಣದ ಕ್ರಮವು ಬಹುಮಟ್ಟಿಗೆ ಎಲ್ಲರಿಗೂ ಒಂದೇ ಆಗಿತ್ತು. ಮೊದಮೊದಲು ತಿಂಗಳುಗಟ್ಟಲೆ, ಅನಂತರ ವರ್ಷಗಟ್ಟಲೆ ಕಾದ ಮೇಲೆ ಬೀಜಿಂಗ್‌ನಿಂದ ಮಗುವಿನ ಭಾವಚಿತ್ರವೂ ಆರೋಗ್ಯದ ಒಂದೆರಡು ಹಾಳೆಗಳೂ ಬರುತ್ತಿದ್ದವು. ದಂಪತಿಗಳು, ಹಿರಿಯ ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು, ಸುಮಾರು ಎರಡು ವಾರಗಳ ಪಯಣಕ್ಕೆ ಹೊರಡುತ್ತಿದ್ದರು. ಅನೇಕರಿಗೆ ಮೊದಲ ಎರಡು ದಿನ ಬೀಜಿಂಗ್‌ನಲ್ಲಿ ಮಹಾಗೋಡೆ ಮತ್ತು ಹಳೆಯ ಅರಮನೆಯ ದರ್ಶನ. ಬಳಿಕ ಮಗುವಿದ್ದ ಪ್ರಾಂತದ ರಾಜಧಾನಿ. ಹುನಾನ್ ಆದರೆ ಚಾಂಗ್‌ಶಾ, ಜಿಯಾಂಗ್‌ಶಿ ಆದರೆ ನಾನ್‌ಚಾಂಗ್. ಅಲ್ಲಿ ಸರಕಾರಿ ಕಚೇರಿಯಲ್ಲಿಯೋ ಹೋಟೆಲಿನಲ್ಲಿಯೋ ಅನಾಥಾಲಯದ ದಾದಿಯು ಮಗುವನ್ನು ಹೊಸ ತಾಯಿಯ ಕೈಗಿಡುತ್ತಿದ್ದಳು. ಪಾಸ್‌ಪೋರ್ಟ್ ಆಗುವ ತನಕ ಅಲ್ಲಿಯೇ ಕೆಲವು ದಿನಗಳ ವಾಸ. ಕೊನೆಗೆ ಎಲ್ಲರೂ ಗ್ವಾಂಗ್‌ಝೌ ನಗರಕ್ಕೆ ಬರಬೇಕಿತ್ತು, ಏಕೆಂದರೆ ಅಮೆರಿಕಕ್ಕೆ ಹೋಗುವ ದತ್ತುಮಕ್ಕಳ ವೀಸಾ ದೊರೆಯುತ್ತಿದ್ದುದು ಆ ಊರಿನ ಕಾನ್ಸುಲೇಟಿನಲ್ಲಿ ಮಾತ್ರ.

ಗ್ವಾಂಗ್‌ಝೌ ನಗರದಲ್ಲಿ, ಪರ್ಲ್ ನದಿಯ ದಡಕ್ಕೆ ಅಂಟಿಕೊಂಡಂತೆ, ಶಾಮಿಯನ್ ಎಂಬ ಪುಟ್ಟ ದ್ವೀಪವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರೂ ಫ್ರೆಂಚರೂ ಕಟ್ಟಿಕೊಂಡ ಕಟ್ಟಡಗಳ ನಡುವೆ ನಮ್ಮ ಆಲದ ಬಳಗದ ದೊಡ್ಡ ಮರಗಳು ನೆರಳು ಚೆಲ್ಲಿವೆ. 1983ರಲ್ಲಿ ಅಲ್ಲಿ ತೆರೆದ ವೈಟ್ ಸ್ವಾನ್ ಹೋಟೆಲು ಕ್ರಮೇಣ ಈ ಹೊಸ ತಾಯ್ತಂದೆಗಳ ಛತ್ರವೇ ಆಗಿಬಿಟ್ಟಿತು. ಬೀದಿಯ ಅಂಗಡಿಯವರು ಮಕ್ಕಳ ತಳ್ಳುಗಾಡಿಗಳನ್ನು ಎರವಲು ಕೊಡುತ್ತಿದ್ದರು, ಮಗುವಿನ ಹೆಸರನ್ನು ಕಲ್ಲಿನ ಮುದ್ರೆಯಲ್ಲಿ ಕೆತ್ತಿಕೊಡುತ್ತಿದ್ದರು. ಒಂದೇ ತಂಡದಲ್ಲಿ ಬಂದವರ ಕೂಸುಗಳನ್ನೆಲ್ಲ ಹೋಟೆಲಿನ ಕೆಂಪು ಸೋಫಾದ ಮೇಲೆ ಸಾಲಾಗಿ ಕೂರಿಸಿ ಭಾವಚಿತ್ರ ತೆಗೆಸುವುದು ಒಂದು ಪದ್ಧತಿಯೇ ಆಯಿತು. ಹೊಂಗೂದಲಿನ ತಾಯಿಯೊಬ್ಬಳು ಚೀನೀ ಕೂಸನ್ನು ಎತ್ತಿಕೊಂಡಿರುವ ಬಾರ್ಬಿ ಬೊಂಬೆಯನ್ನು ಅಲ್ಲಿ ಉಡುಗೊರೆಯಾಗಿ ನೀಡುತ್ತಿದ್ದುದೂ ಉಂಟು.

ಕಣ್ಣೀರಿಡುವ ಮಗುವನ್ನೆತ್ತಿಕೊಂಡು ಪ್ರವಾಸಿಗರಂತೆ ಊರು ಸುತ್ತುವುದೆ, ಎಂದು ಆಕ್ಷೇಪಿಸಿದವರಿದ್ದಾರೆ. ಆ ಮಾತನ್ನು ತಳ್ಳಿಹಾಕಲು ನಮ್ಮಿಂದಾಗದು. ತಾಯ್ತಂದೆಗಳಿಗೆ ಅದು ಹಬ್ಬದ ವಾರ, ಕೂಸಿಗೆ ಹಾಗಲ್ಲ. ಅದಕ್ಕೆ ಪರಿಚಿತವಾಗಿದ್ದ ದಾದಿಯ ತೋಳು, ಗಂಜಿಯ ರುಚಿ, ಕಿವಿಗೆ ಬೀಳುತ್ತಿದ್ದ ನುಡಿ, ಪಕ್ಕದ ತೊಟ್ಟಿಲಿನ ಗೆಳತಿ, ಎಲ್ಲವೂ ಒಂದೇ ಗಳಿಗೆಯಲ್ಲಿ ಕಳೆದುಹೋಗುತ್ತವೆ. ಕೆಲವು ಮಕ್ಕಳು ರಾತ್ರಿಯೆಲ್ಲ ಅಳುತ್ತವೆ. ಕೆಲವು ಸದ್ದಿಲ್ಲದೆ ದಿಟ್ಟಿಸುತ್ತ ಕುಳಿತುಬಿಡುತ್ತವೆ. ಅಂತಹ ಮೌನವನ್ನು ಕಂಡು ಎಷ್ಟು ಒಳ್ಳೆಯ ಮಗುವೆಂದು ಹಿಗ್ಗುವುದುಂಟು. ಮಕ್ಕಳ ಮನಸ್ಸನ್ನು ಬಲ್ಲವರಿಗೆ ಅಳುವಿಗಿಂತಲೂ ಆ ಮೌನವೇ ಹೆಚ್ಚು ಕಳವಳವನ್ನು ತರುತ್ತದೆ. ಮಹಾಗೋಡೆಯಿಂದ ಆ ಕೂಸಿಗೆ ಆಗಬೇಕಾದುದೇನೂ ಇಲ್ಲ. ತಿರುಗಾಟ ಸಾಕು, ಎದೆಗವಚಿಕೊಂಡು ಕೋಣೆಯಲ್ಲಿಯೇ ಕುಳಿತಿರಿ ಎಂದು ಅನುಭವಿಗಳು ಹೇಳುತ್ತಿದ್ದುದು ಸರಿಯಾದ ಮಾತೇ. ಜೊತೆಯಲ್ಲಿ ಬಂದ ಎಂಟು ಹತ್ತು ವರ್ಷದ ಅಣ್ಣನೋ ಅಕ್ಕನೋ ಇದ್ದರೆ ಮಾತ್ರ ಸ್ವಲ್ಪ ತಿರುಗಾಟ ಬೇಕಾಗುತ್ತದೆ. ತಂಗಿ ಎಲ್ಲಿಂದ ಬಂದಳೆಂಬುದಕ್ಕೆ ಮುಂದೆ ಆ ಮನೆಯಲ್ಲಿ ಸಾಕ್ಷಿ ಹೇಳಬೇಕಾದವರು ಅವರೇ ತಾನೆ.

ಆದರೂ ನೋಡಲೇಬೇಕಾದ ಒಂದು ತಾಣವಿರುತ್ತಿತ್ತು. ಅದು ಯಾವ ಪ್ರವಾಸಿ ಪುಸ್ತಕದಲ್ಲಿಯೂ ಇಲ್ಲ. ಮಗುವಿನ ಕಾಗದಪತ್ರಗಳಲ್ಲಿ ಒಂದು ಸಾಲು ಇರುತ್ತಿತ್ತು: ಇಂತಹ ದಿನ, ಇಂತಹ ಸಂತೆಯ ಬಾಗಿಲಿನಲ್ಲಿ, ಅಥವಾ ಬಸ್ ನಿಲ್ದಾಣದಲ್ಲಿ, ಅಥವಾ ಪೊಲೀಸ್ ಠಾಣೆಯ ಮೆಟ್ಟಿಲಿನ ಮೇಲೆ ಮಗು ಸಿಕ್ಕಿತೆಂದು. ಕೂಸನ್ನು ತೊರೆಯುವುದು ಅಲ್ಲಿ ಅಪರಾಧ. ಆದುದರಿಂದ ಹೆತ್ತವರು ತಮ್ಮ ಗುರುತು ಹತ್ತದಂತೆ, ಆದರೆ ಕೂಸು ಬೇಗನೆ ಯಾರ ಕಣ್ಣಿಗಾದರೂ ಬೀಳುವಂತೆ ಜನ ಓಡಾಡುವ ತಾಣವನ್ನು ಆರಿಸುತ್ತಿದ್ದರು. ಕೆಲವೊಮ್ಮೆ ಬಟ್ಟೆಯೊಳಗೆ ಹುಟ್ಟಿದ ದಿನವನ್ನು ಬರೆದ ಚೀಟಿಯಿರುತ್ತಿತ್ತು. ಬಾಡಿಗೆ ಕಾರು ಹಿಡಿದು ಆ ಊರಿಗೆ ಹೋಗಿ, ಆ ಬಾಗಿಲನ್ನು, ಅನಾಥಾಲಯದ ತೊಟ್ಟಿಲನ್ನು, ಸಾಧ್ಯವಾದರೆ ಎತ್ತಿ ಆಡಿಸಿದ ದಾದಿಯನ್ನು ಕಂಡು ಭಾವಚಿತ್ರ ತೆಗೆದುಕೊಂಡು ಬಂದವರೂ ಇದ್ದಾರೆ. ಅಂಗಡಿ ಬೀದಿಗಳನ್ನಷ್ಟೇ ನೋಡಿ ವಿಮಾನವೇರಿದವರೂ ಇದ್ದಾರೆ. ಹದಿನೈದು ವರ್ಷಗಳ ಬಳಿಕ ಮಗಳು ಬಾಯಿ ಬಿಟ್ಟು ಕೇಳಿದಾಗ ಈ ಎರಡು ಮನೆಗಳ ಅಂತರ ತಿಳಿಯುತ್ತದೆ.

ಆ ಸಾಲು ಯಾವಾಗಲೂ ನಿಜವಾಗಿತ್ತೇ ಎಂಬುದು ಬೇರೆಯ, ಕಹಿಯಾದ ಪ್ರಶ್ನೆ. ವಿದೇಶೀ ದಂಪತಿಗಳು ಅನಾಥಾಲಯಕ್ಕೆ 3,000 ಡಾಲರ್ ಕಾಣಿಕೆ ಸಲ್ಲಿಸುವ ಪದ್ಧತಿಯಿತ್ತು. ಹಣವಿರುವಲ್ಲಿಗೆ ದಲ್ಲಾಳಿ ಬಾರದಿರುವನೆ? 2005ರಲ್ಲಿ ಹುನಾನ್ ಪ್ರಾಂತದ ಹೆಂಗ್‌ಯಾಂಗ್ ಪ್ರದೇಶದ ಅನಾಥಾಲಯಗಳು ದಲ್ಲಾಳಿಗಳಿಂದ ಕೂಸುಗಳನ್ನು ಕೊಳ್ಳುತ್ತಿದ್ದುದು ಬಯಲಾಗಿ, ಮರುವರ್ಷ ನ್ಯಾಯಾಲಯವು ಹಲವರಿಗೆ ಶಿಕ್ಷೆ ವಿಧಿಸಿತು. ಸಂತೆಯ ಬಾಗಿಲಿನ ಭಾವಚಿತ್ರವನ್ನು ಎದೆಗೊತ್ತಿಕೊಂಡು ಬೆಳೆದ ಹೆಣ್ಣುಮಕ್ಕಳು ಕೆಲವರಿಗೆ ಅದೂ ಸುಳ್ಳಿರಬಹುದೆಂಬ ಸಂಶಯ ಹುಟ್ಟಿದುದು ಹೀಗೆ. ಇಂದು ಅವರಲ್ಲಿ ಅನೇಕರು ವಂಶವಾಹಿ ಪರೀಕ್ಷೆಯ ಮೂಲಕ ಹೆತ್ತವರನ್ನು ಹುಡುಕುತ್ತಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಚೀನಾ ಸರಕಾರವು ರಕ್ತಸಂಬಂಧಿಗಳಿಗೆ ಮತ್ತು ಮಲಮಕ್ಕಳಿಗೆ ವಿನಾಯಿತಿಯಿತ್ತು, ಉಳಿದ ವಿದೇಶೀ ದತ್ತಕವನ್ನೆಲ್ಲ ನಿಲ್ಲಿಸಿಬಿಟ್ಟಿತು. ಮಗುವಿನ ಭಾವಚಿತ್ರವನ್ನು ಆಗಲೇ ಗೋಡೆಗೆ ತೂಗುಹಾಕಿಕೊಂಡು ಕಾದಿದ್ದ ಸಂಸಾರಗಳ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಷ್ಟು ದೂರದ ಸಂಗತಿಯನ್ನು ನಮ್ಮ ಮನೆಗಳ ಮುಂದೆ ಏಕೆ ಇಟ್ಟೆವೆಂದರೆ, ಈಚೆಗೆ ನಮ್ಮವರೂ ತಮ್ಮನ ಮಗನನ್ನು ಬಿಟ್ಟು ಅನಾಥಾಲಯದ ಕೂಸಿನ ಕಡೆಗೆ ಮುಖ ಮಾಡುತ್ತಿದ್ದಾರೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ತಾನು ಯಾರಿಗೆ ಅನ್ವಯಿಸುವುದೆಂದು ಹೇಳುವಲ್ಲಿ ವೀರಶೈವ, ಲಿಂಗಾಯತ ಎಂದು ಹೆಸರೆತ್ತಿಯೇ ಹೇಳಿದೆ. ದತ್ತಹೋಮವಿಲ್ಲದಿದ್ದರೂ ದತ್ತಕವು ಸಿಂಧುವೆಂದಿದೆ. ಅನಾಥಾಲಯದ ಮಗುವಿಗೆ 2015ರ ಬಾಲನ್ಯಾಯ ಕಾಯಿದೆಯ ದಾರಿಯುಂಟು. ಕೇಂದ್ರ ಪ್ರಾಧಿಕಾರದಲ್ಲಿ ನೋಂದಾಯಿಸಿ ಸರದಿ ಕಾಯಬೇಕು. 2022ರಿಂದ ಅಂತಿಮ ಆದೇಶವು ಜಿಲ್ಲಾಧಿಕಾರಿಗಳದು. ಮಗುವು ಬೇರೆ ರಾಜ್ಯದ್ದಾಗಿರುವುದೂ ಉಂಟು. ಆಗ ನಮ್ಮ ದಂಪತಿಗಳೂ ರೈಲು ಹತ್ತಿ, ನುಡಿ ತಿಳಿಯದ ಊರಿಗೆ ಹೋಗುತ್ತಾರೆ.

ಅಲ್ಲಿಂದ ಮರಳಿದೊಡನೆ ಮನೆಯ ಹಿರಿಯರು ಹೇಳುವ ಬುದ್ಧಿವಾದವೊಂದಿದೆ: ಆ ಊರಿನ ಮಾತು ಇನ್ನು ಬೇಡ, ಮಗುವಿಗೆ ತಿಳಿಯದಿರಲಿ. ಇದನ್ನು ನಾವು ಒಪ್ಪಲಾರೆವು. ಕೂಸಿಗೆ ಲಿಂಗಧಾರಣೆ ಮಾಡುವಾಗ ಅದರ ಹೆತ್ತವರ ಕುಲವನ್ನು ಕೇಳಬೇಕಾದುದಿಲ್ಲ. ಆ ಪ್ರಶ್ನೆಯನ್ನು ಶರಣರು ಕಲ್ಯಾಣದಲ್ಲಿಯೇ ತೀರಿಸಿದ್ದಾರೆ. ಕುಲವನ್ನು ಕೇಳದಿರುವುದು ಬೇರೆ, ಹುಟ್ಟಿದ ಊರನ್ನು ಬಚ್ಚಿಡುವುದು ಬೇರೆ. ಮದುವೆಯಾಗಿ ಬಂದ ಸೊಸೆಗೆ ಪಂಚಮಿಯ ಹೊತ್ತಿಗೆ ತವರಿನ ನೆನಪಾದರೆ ಯಾವ ಅತ್ತೆಯೂ ಅದನ್ನು ದ್ರೋಹವೆನ್ನುವುದಿಲ್ಲ.

ಆದುದರಿಂದ ಹೋದವರು ಅಂದೇ ರಾತ್ರಿಯ ಗಾಡಿಗೆ ಧಾವಿಸದೆ ಒಂದು ದಿನ ನಿಲ್ಲಲಿ. ಅನಾಥಾಲಯದ ಬಾಗಿಲಿನ, ಬೀದಿಯ, ಸಂತೆಯ ಭಾವಚಿತ್ರ ತೆಗೆದುಕೊಳ್ಳಲಿ. ಯಾವ ಹೆಸರಿನಿಂದ ಕರೆಯುತ್ತಿದ್ದಿರಿ, ಏನು ಉಣಿಸುತ್ತಿದ್ದಿರಿ, ಹೇಗೆ ತಟ್ಟಿದರೆ ಮಲಗುತ್ತಾಳೆ ಎಂದು ಆಯಾಗಳನ್ನು ಕೇಳಿ ಬರೆದುಕೊಳ್ಳಲಿ. ಉಟ್ಟು ಬಂದ ಅಂಗಿಯನ್ನು ಕೆಲವು ದಿನ ಒಗೆಯದೆ ಮಗುವಿನ ತಲೆದಿಂಬಿನ ಬಳಿ ಇಟ್ಟರೆ ಪರಿಚಿತ ವಾಸನೆಗೆ ನಿದ್ದೆ ಹತ್ತುತ್ತದೆ. ಅನಂತರ ಅದನ್ನು ಮಡಿಸಿ, ದತ್ತಕದ ಆದೇಶಪತ್ರ ಇಟ್ಟ ಪೆಟ್ಟಿಗೆಯಲ್ಲಿಯೇ ಇರಿಸಲಿ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ಅರಿಯಲು ಮಗುವೇ ಅರ್ಜಿ ಸಲ್ಲಿಸಬಹುದೆಂದು ನಮ್ಮ ದತ್ತಕ ನಿಯಮಗಳು ಹೇಳುತ್ತವೆ. ಅಷ್ಟರವರೆಗೆ ಆ ಪೆಟ್ಟಿಗೆಯ ಬೀಗದ ಕೈ ಮಗಳ ಕೈಗೆ ಎಟುಕುವ ಕಡೆ ಇರಲಿ.