ಲೋಟ ತೊಳೆಯುವ ಕೈಗಳು

1996ರಲ್ಲಿ ಭಾರತಕ್ಕೆ ಬಂದ ಮ್ಯಾಕ್‌ಡೊನಾಲ್ಡ್ಸ್ ಗೋಮಾಂಸವನ್ನು ಕೈಬಿಟ್ಟು, ಕ್ರಮೇಣ ಬನ್ನಿನೊಳಗೆ ಆಲೂ ಟಿಕ್ಕಿಯನ್ನಿರಿಸಿ ವಡಾಪಾವಿನ ನಾಡಿಗೆ ಶರಣಾಯಿತು. ನಮ್ಮ ಮುಂಬ್ರಾದಲ್ಲೂ ಈಗ ಬರ್ಗರು, ಕರಿದ ಕೋಳಿಯ ಅಂಗಡಿಗಳಿವೆ. ತಿನ್ನುವವರ ಬಗ್ಗೆ ನನಗೆ ತಕರಾರಿಲ್ಲ. ನನ್ನ ಚಿಂತೆ ದುಡಿಯುವವರದು.

ರಾಮಾ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಖಾನಾವಳಿಗಳು ಊರುಬಿಟ್ಟು ಬಂದ ಒಂಟಿಜೀವಗಳಿಗೆ ಮನೆಯ ಸಾರನ್ನು ಬಡಿಸಿದವು. ಹಗಲು ಹೋಟೆಲುಗಳಲ್ಲಿ ಲೋಟ ತೊಳೆದ ತುಳುನಾಡಿನ ಹುಡುಗರು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿಗಳನ್ನು ಸೇರಿದರು. ಎಲ್ಲ ಯಜಮಾನರೂ ಉದಾರಿಗಳಾಗಿರಲಿಲ್ಲ, ನಿಜ. ಆದರೂ ಬರ್ಗರಿನಂಗಡಿಯಲ್ಲಿ ಮೇಜು ಒರೆಸುವ ಹುಡುಗನಿಗೆ ಅಂಥ ಶಾಲೆ ಎಲ್ಲಿದೆ? ನಾಡಹಬ್ಬಕ್ಕೆ ಚಪ್ಪರ ಹಾಕುವ ನಮ್ಮ ಸಂಘಗಳು, ಅವನು ಬಿಹಾರದವನಾದರೂ ಸರಿ, ಒಂದು ಕೊಠಡಿಯನ್ನು ರಾತ್ರಿಪಾಠಕ್ಕೆ ಬಿಟ್ಟುಕೊಡಬಾರದೇಕೆ?