ಮದ್ಯದ ಜೊತೆ ಗಾಂಜಾ: ನೆರವಿಗೆ ಕರೆಯುವ ವಿದ್ಯಾರ್ಥಿಗೆ ರಕ್ಷಣೆ ಕೋರಿ ಮನವಿ

ಗೆ,
ಮಾನ್ಯ ಉಪಾಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು, ಬೆಂಗಳೂರು.

ವಿಷಯ: ಅಮಲಿನಲ್ಲಿ ಪ್ರಜ್ಞೆ ತಪ್ಪಿದ ವಿದ್ಯಾರ್ಥಿಗೆ ನೆರವು ಕರೆಯುವವರನ್ನು ಶಿಸ್ತುಕ್ರಮದಿಂದ ಹೊರಗಿಡುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಬೆಂಗಳೂರಿನ ಪದವಿ ಕಾಲೇಜುಗಳ ಅಧ್ಯಾಪಕರು, ಹಾಸ್ಟೆಲ್ ವಾರ್ಡನ್‌ಗಳು ಹಾಗೂ ಪೋಷಕರು. ಕುಡಿತದ ಜೊತೆ ಗಾಂಜಾ ಸೇದಿ, ಬೆಳಿಗ್ಗೆ ಎದ್ದು ರಾತ್ರಿ ಯಾರಿಗೆ ಕರೆ ಹೋಗಿದೆ, ಯುಪಿಐನಲ್ಲಿ ಯಾರಿಗೆ ದುಡ್ಡು ಹೋಗಿದೆ ಎಂದು ಮೊಬೈಲ್ ಕೆದಕುವ ಮಕ್ಕಳನ್ನು ಕಾಣುತ್ತಿದ್ದೇವೆ. ಗೆಳೆಯರು ಆ ಮರೆವಿಗೆ ‘ಬ್ಲ್ಯಾಕ್‌ಔಟ್’ ಎಂದು ನಕ್ಕು ಸುಮ್ಮನಾಗುತ್ತಾರೆ.

ಬ್ಲ್ಯಾಕ್‌ಔಟ್ ಆದವನು ನಡೆಯುತ್ತಾನೆ, ಮಾತಾಡುತ್ತಾನೆ, ಬೈಕನ್ನೂ ಹತ್ತುತ್ತಾನೆ. ಆದರೆ ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಆ ಹೊತ್ತಿನದನ್ನು ದಾಖಲಿಸಿಯೇ ಇರುವುದಿಲ್ಲ. ಮದ್ಯದಂತೆ, ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಕೂಡ ಅದೇ ಭಾಗದ ಮೇಲೆ ಎರಗುತ್ತದೆ. ಜೊತೆಗೆ ಮದ್ಯವಿದ್ದರೆ ರಕ್ತದಲ್ಲಿ ಟಿಎಚ್‌ಸಿ ಪ್ರಮಾಣ ಇನ್ನೂ ಏರಬಹುದು. ಗಾಂಜಾ ವಾಂತಿಯನ್ನೂ ತಡೆಯಬಲ್ಲದು, ಆಗ ಅತಿಯಾದ ಮದ್ಯ ಒಳಗೇ ಉಳಿಯುತ್ತದೆ.

ನಮ್ಮನ್ನು ಹೆಚ್ಚು ಕಾಡುವುದು ಅವನು ಪ್ರಜ್ಞೆ ತಪ್ಪಿದ ಮೇಲಿನ ಗಳಿಗೆ. ‘ಫ್ಲಾಟ್ ಆಗಿದಾನೆ, ಮಲಗಲಿ ಬಿಡು ಮಗಾ’ ಎಂದು ಗೆಳೆಯರು ಅಂಗಾತ ಮಲಗಿಸಿ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೂ 108 ಆಂಬುಲೆನ್ಸ್‌ಗೆ ಕರೆ ಮಾಡಲು ಹೆದರುತ್ತಾರೆ. ಹಾಸ್ಟೆಲಿನಿಂದ ಹೊರಹಾಕಿಯಾರು, ಮನೆಗೆ ತಿಳಿದೀತು, ಪೊಲೀಸರು ಬಂದಾರು ಎಂಬ ಭಯ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಸೇವನೆ ಅಪರಾಧ, ನಿಜ. ಆದರೆ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅದೇ ಕಾಯ್ದೆಯ 64ಎ ಕಲಂ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. ಕಾಯ್ದೆಗಿರುವ ಈ ಕರುಣೆ ಹಾಸ್ಟೆಲ್ ನಿಯಮಗಳಿಗೂ ಇರಲಿ ಎಂಬುದು ನಮ್ಮ ಮನವಿ.

ಆದ್ದರಿಂದ, ತುರ್ತಿನಲ್ಲಿ ನೆರವು ಕರೆದ ವಿದ್ಯಾರ್ಥಿಯನ್ನಾಗಲಿ ಚಿಕಿತ್ಸೆ ಪಡೆದವರನ್ನಾಗಲಿ ಆ ಘಟನೆಯ ಕಾರಣಕ್ಕೆ ಅಮಾನತು ಮಾಡಕೂಡದು, ಹಾಸ್ಟೆಲಿನಿಂದ ತೆಗೆಯಕೂಡದು ಎಂಬ ಮಾದರಿ ನಿಯಮವನ್ನು ಪರಿಷತ್ತು ರೂಪಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೆ ಕಳುಹಿಸಬೇಕು. ನಮ್ಮ ಮುಖ್ಯ ಬೇಡಿಕೆ ಇದೇ. ಮಾದಕವಸ್ತು ಮಾರುವವರಿಗೆ ಈ ರಕ್ಷಣೆ ಬೇಡ.

ಪ್ರಜ್ಞೆ ತಪ್ಪಿದವರನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸುವುದು, ಒಂಟಿಯಾಗಿ ಬಿಡದಿರುವುದು ಮುಂತಾದವನ್ನು ವಾರ್ಡನ್‌ಗಳಿಗೂ ಹಿರಿಯ ವಿದ್ಯಾರ್ಥಿಗಳಿಗೂ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ನೆರವಿನಿಂದ ಕಲಿಸಬೇಕು. ಪ್ರತಿ ಹಾಸ್ಟೆಲಿನಲ್ಲೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಕಾಣುವಂತಿರಬೇಕು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಗೋಪ್ಯತೆಯ ಹಕ್ಕಿನಂತೆ, ಆಪ್ತಸಮಾಲೋಚನೆಯ ವಿವರ ಕಾಲೇಜಿನ ಕಡತ ಸೇರಬಾರದು.

ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಶುರುವಾಗುವ ಮುನ್ನವೇ ಈ ಸಂಬಂಧ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳು)